ಒಂಟೆಯೂ ಏಳದ ಹೊತ್ತಿನಲ್ಲಿ

ನಮ್ಮ ಹೊಸೂರಿನವರಿಗೆ ಬಿಸಿಲಿನ ವಿಷಯದಲ್ಲಿ ಒಂದು ಜಂಬವಿದೆ. ಊರು ಎತ್ತರದಲ್ಲಿದೆ, ಏಪ್ರಿಲ್ ತಿಂಗಳಲ್ಲೂ ಸಂಜೆಯಾದರೆ ಗಾಳಿ ತಣ್ಣಗೆ ಬೀಸುತ್ತದೆ. ಶೂಳಗಿರಿ ದಾಟಿ, ಇಳಿಜಾರು ಇಳಿದು ಕೃಷ್ಣಗಿರಿ ಮುಟ್ಟುವಷ್ಟರಲ್ಲಿ ಬಸ್ಸಿನ ಕಿಟಕಿಯ ಸರಳು ಕೈಯಿಟ್ಟರೆ ಚುರುಕ್ಕೆನ್ನುತ್ತದೆ. ಜಮೀನಿನ ಪಟ್ಟಾ ಕೆಲಸಕ್ಕೆಂದು ನಾನು ಅಲ್ಲಿನ ಕಚೇರಿಗೆ ಹೋಗಿಬರುವ ದಿನಗಳಲ್ಲಿ ಎರಡು ಲೋಟ ಕಬ್ಬಿನ ಹಾಲು, ನಾಲ್ಕು ತಾಟಿನುಂಗು ಹೊಟ್ಟೆಗೆ ಬೀಳದೆ ಹೊಸೂರಿನ ಬಸ್ಸು ಹತ್ತಿದವನಲ್ಲ. ಮನೆಗೆ ಬಂದಮೇಲೂ ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದೆ. ಇಂಥ ಮನುಷ್ಯ ಮೇ ತಿಂಗಳ ನಡುವಿನಲ್ಲಿ ಜೈಸಲ್ಮೇರಿನ ಮರಳುಗಾಡು ನೋಡಲು ಹೊರಟೆ. ಒಬ್ಬನೇ ಹೋಗಿದ್ದರೆ ನನ್ನ ಕರ್ಮ ಎನ್ನಬಹುದಿತ್ತು. ಹೆಂಡತಿಯನ್ನೂ ಎಪ್ಪತ್ತು ದಾಟಿದ ಅವ್ವನನ್ನೂ ಕರೆದುಕೊಂಡು ಹೋದೆ.

ಇದಕ್ಕೆ ಕಾರಣ ನನ್ನ ಕೆಲಸ ಎಂದು ಹೇಳಿಕೊಂಡು ತಿರುಗಿದೆ. ನಾನು ಇರುವುದು ಲಾರಿಗಳ ಉಕ್ಕಿನ ಗೇರುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ, ಅವನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದುವ ಹೀಟ್ ಟ್ರೀಟ್‌ಮೆಂಟ್ ವಿಭಾಗದಲ್ಲಿ. ವರ್ಷಕ್ಕೊಮ್ಮೆ ಫರ್ನೆಸ್ಸುಗಳನ್ನೆಲ್ಲ ಆರಿಸಿ ರಿಪೇರಿ ಮಾಡುತ್ತಾರೆ; ನಮಗೆ ಸಿಗುವ ದೊಡ್ಡ ರಜೆ ಅದೊಂದೇ, ಅದು ಬರುವುದು ಮೇ ತಿಂಗಳಲ್ಲೇ. ಆ ಸಲ ಹೆಂಡತಿ ತಂಪಾದ ಬೆಟ್ಟದೂರು ಏರ್ಕಾಡಿಗೆ ಹೋಗೋಣ ಎಂದಿದ್ದಳು. ನಾನು ಮೊಬೈಲಿನಲ್ಲಿ ಮರಳಿನ ದಿಬ್ಬಗಳ ಚಿತ್ರ ನೋಡುತ್ತಾ ಕೂತಿದ್ದೆ. ದಿಬ್ಬದ ನೆತ್ತಿಯ ಮೇಲೆ ಒಬ್ಬನೇ ನಿಂತ ಮನುಷ್ಯ, ಅವನ ಉದ್ದನೆಯ ನೆರಳು. ಆ ಮನುಷ್ಯ ನಾನೇ ಯಾಕಾಗಬಾರದು ಅನ್ನಿಸಿತು.

"ಏರ್ಕಾಡಿಗೆ ಎಲ್ರೂ ಹೋಯ್ತಾರೆ. ನಾವು ಮರಳುಗಾಡಿಗೆ ಹೋಗೋಣ" ಎಂದೆ.

"ಕತ್ತಿರಿ ಬಿಸ್ಲಲ್ಲಿ ಯಾರಾದ್ರೂ ಮರಳುಗಾಡಿಗೆ ಹೋಯ್ತಾರಾ?" ಎಂದಳು. ತಮಿಳುನಾಡಿನಲ್ಲಿ ಮೇ ತಿಂಗಳ ಸುಡುಬಿಸಿಲಿಗೆ ಕತ್ತಿರಿ ಎನ್ನುತ್ತಾರೆ. ಆ ದಿನಗಳಲ್ಲಿ ನಮ್ಮ ಕಡೆ ಯಾರೂ ಮನೆ ಅಡಿಪಾಯ ಕೂಡ ತೆಗೆಯುವುದಿಲ್ಲ.

"ನಾನು ಫರ್ನೆಸ್ ಮುಂದೆ ಇಪ್ಪತ್ತಾರು ವರ್ಷ ನಿಂತೋನು ಕಣೆ. ಬಿಸ್ಲು ನನಗೇನು ಮಾಡುತ್ತೆ?"

ಅವಳಿಗೆ ನಿಜ ಗೊತ್ತಿತ್ತು. ಫರ್ನೆಸ್ ಮುಂದೆ ನಾನು ನಿಂತದ್ದು ಮೊದಲ ಹದಿನೈದು ವರ್ಷ ಮಾತ್ರ. ಆಮೇಲೆ ಬಡ್ತಿ ಸಿಕ್ಕಿ, ಗಾಜಿನ ಕ್ಯಾಬಿನ್ನಿನಲ್ಲಿ ಕೂತು ಪರದೆಯ ಮೇಲೆ ಫರ್ನೆಸ್ಸಿನ ಶಾಖವನ್ನು ನೋಡುವ ಕೆಲಸ. ಕ್ಯಾಬಿನ್ನಿನ ಎ.ಸಿ. ಎಷ್ಟು ತಣ್ಣಗಿರುತ್ತದೆಂದರೆ ಕುರ್ಚಿಯ ಬೆನ್ನಿಗೆ ನನ್ನದೊಂದು ಸ್ವೆಟರ್ ಸದಾ ನೇತಾಡುತ್ತಿರುತ್ತದೆ. ಅದನ್ನು ಹೆಣೆದುಕೊಟ್ಟವಳು ಅವಳೇ.

ಕೆಲಮಂಗಲದ ಹತ್ತಿರದ ನಮ್ಮ ಹಳ್ಳಿಯಿಂದ ಅವ್ವ ಆಗ ಹೊಸೂರಿನ ಮನೆಗೆ ಬಂದಿದ್ದಳು. ಅವಳನ್ನು ತಮ್ಮನ ಮನೆಗೆ ಬಿಟ್ಟು ಹೋಗುವ ಯೋಚನೆ ನನ್ನದು. ಅವ್ವನಿಗೆ ಅದು ಹಿಡಿಸಲಿಲ್ಲ.

"ನಾನೂ ಬತ್ತೀನಿ. ಮರಳು ಅಂದ್ರೆ ಹೊಳೇಲಿ ಇರೋದೇ ತಾನೆ? ಹೊಳೆ ಇಲ್ದಂಗೆ ಮರಳು ಹೆಂಗೈತೋ ನೋಡ್ಬೇಕು" ಎಂದಳು.

ಹೊರಡುವ ದಿನ ಅವಳು ತನ್ನ ಚೀಲಕ್ಕೆ ಆರು ತೋತಾಪುರಿ ಕಾಯಿ, ಉಪ್ಪುಖಾರದ ಪೊಟ್ಟಣ ತುಂಬಿಕೊಂಡಳು. ಹೆಂಡತಿ ಹತ್ತಿ ಸೀರೆಗಳನ್ನು ಇಟ್ಟುಕೊಂಡಳು. ನಾನು ಕಾರ್ಖಾನೆಯ ಸೇಫ್ಟಿ ಶೂ ಹಾಕಿಕೊಂಡೆ. ಮುಂಗಾಲಿನ ಮೇಲೆ ಉಕ್ಕಿನ ಕವಚವಿರುವ, ಒಂದೊಂದೂ ಕಲ್ಲುಗುಂಡಿನಷ್ಟು ತೂಗುವ ಶೂ. ಮರಳಿನಲ್ಲಿ ಹಾವು ಚೇಳು ಇರುತ್ತವೆ, ಮರಳು ಸುಡುತ್ತದೆ, ಇದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ ಎಂದು ಇಬ್ಬರಿಗೂ ವಿವರಿಸಿದೆ. ಇಪ್ಪತ್ತಾರು ವರ್ಷ ಉಕ್ಕು ಕಾಯಿಸುವುದನ್ನೇ ಕಂಡ ನನಗೆ, ಉಕ್ಕು ಕಾಯುತ್ತದೆ ಎಂಬುದು ಮಾತ್ರ ಆ ಹೊತ್ತಿಗೆ ಹೊಳೆಯಲಿಲ್ಲ.

ಬೆಂಗಳೂರಿನಿಂದ ಎರಡು ದಿನದ ರೈಲು. ಎ.ಸಿ. ಬೋಗಿಯಲ್ಲಿ ಕತ್ತಿನವರೆಗೆ ಕಂಬಳಿ ಹೊದ್ದುಕೊಂಡೇ ನಾನು ಹೆಂಡತಿಗೆ ಮರಳುಗಾಡಿನ ಬಗ್ಗೆ ಉಪನ್ಯಾಸ ಕೊಟ್ಟೆ. ಜೋಧಪುರದಲ್ಲಿ ರೈಲು ಬದಲಿಸಲು ಇಳಿದಾಗ ಗಾಳಿ ಮುಖಕ್ಕೆ ಹೊಡೆಯಿತು. ಫರ್ನೆಸ್ಸಿನ ಬಾಗಿಲು ತೆರೆದಾಗ ಬರುವ ಗಾಳಿಯೇ ಅದು. ವ್ಯತ್ಯಾಸ ಇಷ್ಟೆ: ಫರ್ನೆಸ್ಸಿನ ಬಾಗಿಲು ಮುಚ್ಚಲು ಒಂದು ಗುಂಡಿ ಇರುತ್ತದೆ. ಹೆಂಡತಿ ನನ್ನ ಮುಖ ನೋಡಿದಳು. "ಒಣ ಬಿಸಿಲು, ಒಳ್ಳೇದು. ಬೆವರೇ ಬರಲ್ಲ" ಎಂದೆ.

ಜೈಸಲ್ಮೇರಿನ ಹೋಟೆಲಿನಲ್ಲಿ ನಮ್ಮನ್ನು ಬಿಟ್ಟು ಇನ್ನೊಬ್ಬರಿರಲಿಲ್ಲ. ಮಾಲೀಕನೇ ಬಾಗಿಲು ತೆರೆದ. ಅವನು ಮಲಗಿದ್ದವನು ಎದ್ದು ಬಂದಿದ್ದ. ಈ ದಿನಗಳಲ್ಲಿ ಗಿರಾಕಿ ಬರುತ್ತಾರೆ ಎಂಬುದನ್ನೇ ಮರೆತಂತಿದ್ದ. ನನ್ನ ಹಿಂದಿಗೆ ಅವಕಾಶ ಸಿಕ್ಕಿದ್ದು ಅಲ್ಲಿ. ಆ ಭಾಷೆಯನ್ನು ನಾನು ಕಲಿತದ್ದು ಉತ್ತರದ ಕಡೆಯಿಂದ ಬಂದ ಗುತ್ತಿಗೆ ಕೆಲಸಗಾರರ ಜೊತೆ, ಹಾಗಾಗಿ ನನಗೆ ಬರುತ್ತಿದ್ದುದು ಆಜ್ಞೆಗಳು ಮಾತ್ರ. ಎತ್ತು, ಇಡು, ಪಕ್ಕಕ್ಕೆ ಸರಿ, ಬೇಗ, ನಿಲ್ಲಿಸು.

"ಪಾನಿ ಲಾವ್! ಜಲ್ದಿ! ಸಾಮಾನ್ ಉಠಾವ್!" ಎಂದೆ.

ಮಾಲೀಕ ನೆಟ್ಟಗೆ ನಿಂತ. ನನ್ನ ಶೂಗಳನ್ನು ನೋಡಿ, "ಸಾಹೇಬರು ಮಿಲಿಟರಿಯವರಾ?" ಎಂದು ಕೇಳಿದ. ನನಗೆ ಎದೆ ಉಬ್ಬಿತು. ಅಷ್ಟರಲ್ಲಿ ಹೆಂಡತಿ, ಟಿವಿ ಧಾರಾವಾಹಿಗಳಿಂದ ಕಲಿತ ಮೆತ್ತನೆಯ ಹಿಂದಿಯಲ್ಲಿ, ಅಣ್ಣಾವ್ರೇ ತಪ್ಪು ತಿಳ್ಕೋಬೇಡಿ, ಇವರಿಗೆ ಮಾತಾಡೋಕೆ ಬರಲ್ಲ ಎಂದು ಹೇಳಿಬಿಟ್ಟಳು. ಅಂದಿನಿಂದ ಮಾಲೀಕ ಏನಿದ್ದರೂ ಅವಳಿಗೇ ಹೇಳತೊಡಗಿದ. ಅವನು ಹೇಳಿದ್ದು ಒಂದೇ ಮಾತು. ಬೆಳಿಗ್ಗೆ ಎಂಟರೊಳಗೆ ಒಳಗೆ ಬನ್ನಿ, ಸಂಜೆ ಆರರ ಮೇಲೆ ಹೊರಗೆ ಹೋಗಿ, ನಡುವೆ ಮಲಗಿ.

ಮೊದಲ ದಿನ ಹನ್ನೆರಡರವರೆಗೆ ಮಲಗಿದೆ. ಆಮೇಲೆ ಸಿಟ್ಟು ಬಂತು. ಎರಡು ದಿನ ರೈಲಿನಲ್ಲಿ ಕೂತು ಬಂದದ್ದು ಈ ರೂಮಿನ ಫ್ಯಾನು ನೋಡುವುದಕ್ಕಾ? ಮಾಲೀಕನಿಗೆ ಜೀಪು ಬೇಕೆಂದೆ. ಅವನು ಹೆಂಡತಿಯ ಮುಖ ನೋಡಿದ. ಅವಳು, "ಇವ್ರು ಒಂದ್ಸಲ ಅಂದ್ಕೊಂಡ್ರೆ ಮುಗೀತು" ಎಂದಳು. ಅದನ್ನು ನಾನು ಹೊಗಳಿಕೆ ಎಂದುಕೊಂಡೆ.

ಜೀಪು ತಂದವನು ಅರವತ್ತರ ಆಸುಪಾಸಿನ, ದೊಡ್ಡ ಕೇಸರಿ ರುಮಾಲಿನ ಮನುಷ್ಯ. ದಿಬ್ಬಗಳ ಹತ್ತಿರವೇ ಅವನ ಮನೆ, ಅವನವೇ ಎರಡು ಒಂಟೆಗಳೂ ಇದ್ದವು. ಈ ಹೊತ್ತಿನಲ್ಲಿ ಬೇಡ, ಐದರ ಮೇಲೆ ಹೋಗೋಣ ಎಂದು ಅವನೂ ಹೇಳಿದ. "ಚಲೋ, ಚಲೋ" ಎಂದೆ. ಅವ್ವ ಸೀರೆಯ ಸೆರಗನ್ನು ಬಕೆಟ್ಟಿನಲ್ಲಿ ಅದ್ದಿ, ಹಿಂಡದೆ ತಲೆಯ ಮೇಲೆ ಹಾಕಿಕೊಂಡು, ಮಾವಿನಕಾಯಿಯ ಚೀಲ ಹಿಡಿದು ಜೀಪಿನಲ್ಲಿ ಕೂತಳು.

ಮುಕ್ಕಾಲು ಗಂಟೆಯ ದಾರಿ. ರಸ್ತೆಯಲ್ಲಿ ಒಂದು ನಾಯಿಯೂ ಕಾಣಲಿಲ್ಲ. ದಿಬ್ಬಗಳ ಬುಡದಲ್ಲಿ ಒಂದೇ ಒಂದು ಮರ, ಅದರ ಸಣ್ಣ ನೆರಳಿನಲ್ಲಿ ಎರಡು ಒಂಟೆಗಳು ಕಾಲು ಮಡಿಸಿ ಮಲಗಿದ್ದವು. ಅವ್ವ ಇಳಿದವಳೇ ಮರದ ಕೆಳಗೆ ಹೋಗಿ ಎಲೆ ಮುಟ್ಟಿ ನೋಡಿ ಕೈಮುಗಿದಳು. "ಇದು ಬನ್ನಿ ಮರ ಕಣ್ಲಾ! ನಮ್ ಬನ್ನಿ!" ಎಂದಳು. ದಸರೆಯಲ್ಲಿ ನಾವು ಸುತ್ತು ಬಂದು ಎಲೆ ಕಿತ್ತು ಬಂಗಾರವೆಂದು ಹಂಚುವ ಮರವೇ ಅದು. ಅವಳು ಅಲ್ಲೇ, ಒಂಟೆಗಳಿಂದ ಮೂರು ಮಾರು ದೂರದಲ್ಲಿ ಕಾಲು ನೀಡಿ ಕೂತುಬಿಟ್ಟಳು.

ಒಂಟೆಯನ್ನು ಎಬ್ಬಿಸು, ಸವಾರಿ ಮಾಡಬೇಕು ಎಂದು ಜೀಪಿನವನಿಗೆ ಹೇಳಿದೆ. ಅವನು ತಲೆಯಾಡಿಸಿದ. ಈಗ ಎಬ್ಬಿಸಿದರೆ ಏಳುವುದಿಲ್ಲ, ಎದ್ದರೂ ನಡೆಯುವುದಿಲ್ಲ ಎಂದ. ಒಂಟೆಯೊಂದು ಅರ್ಧ ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡಿತು.

"ಒಂಟೆನೇ ಎದ್ದಿಲ್ಲ, ನೀನ್ಯಾಕ್ಲಾ ಎದ್ದೆ? ಬಾ, ಕುಂತ್ಕೋ" ಎಂದಳು ಅವ್ವ.

"ಐದು ನಿಮಿಷ. ದಿಬ್ಬದ ಮೇಲಿಂದ ಒಂದು ಫೋಟೋ" ಎಂದು ಹೊರಟೆ.

ಆ ದಿಬ್ಬ ಕೆಳಗಿನಿಂದ ನಮ್ಮ ಮನೆಯ ತಾರಸಿಯಷ್ಟೇ ಎತ್ತರ ಕಾಣುತ್ತಿತ್ತು. ಹತ್ತತೊಡಗಿದಮೇಲೆ ಒಂದು ಹೆಜ್ಜೆ ಮೇಲಿಟ್ಟರೆ ಮುಕ್ಕಾಲು ಹೆಜ್ಜೆ ಕೆಳಗೆ ಜಾರುತ್ತದೆ ಎಂದು ಗೊತ್ತಾಯಿತು. ಶೂಗಳಲ್ಲಿ ಮರಳು ತುಂಬಿತು. ಅರ್ಧ ದಾರಿಯಲ್ಲಿ ಉಕ್ಕಿನ ಕವಚ ತನ್ನ ಗುಣ ತೋರಿಸಿತು. ಹತ್ತೂ ಬೆರಳುಗಳನ್ನು ಯಾರೋ ಕಾವಲಿಯ ಮೇಲಿಟ್ಟು ಅದುಮಿದ ಹಾಗೆ. ಹಿಂದಿರುಗಬಹುದಿತ್ತು. ಕೆಳಗೆ ಜೀಪಿನ ಪಕ್ಕ ನಿಂತ ಹೆಂಡತಿ ನೋಡುತ್ತಿದ್ದಾಳೆ ಎಂದು ಹತ್ತುತ್ತಲೇ ಹೋದೆ. ನೆತ್ತಿ ಮುಟ್ಟಿ ಮೊಬೈಲು ಎತ್ತಿ ಹಿಡಿದೆ. ಫೋನು ಬಿಸಿಯಾಗಿದೆ, ತಣ್ಣಗಾದ ಮೇಲೆ ಬಳಸಿ ಎಂದು ಪರದೆಯ ಮೇಲೆ ಒಂದು ಸಾಲು ಬಂದು ಅದು ಕಪ್ಪಾಯಿತು. ನನ್ನ ನೆರಳಾದರೂ ಉದ್ದಕ್ಕೆ ಬಿದ್ದಿದೆಯೋ ಎಂದು ನೋಡಿದೆ. ಎರಡು ಗಂಟೆಯ ಬಿಸಿಲಿನಲ್ಲಿ ಅದು ಮುದುರಿ ಕಾಲಡಿಗೆ ಸೇರಿತ್ತು.

ಕೈ ಬೀಸೋಣ ಎಂದು ಕೈ ಎತ್ತಿದ್ದು ನೆನಪಿದೆ. ಬೆವರು ಬರುತ್ತಿಲ್ಲ ಎಂದು ಅನ್ನಿಸಿದ್ದೂ ನೆನಪಿದೆ, ಅದು ಒಳ್ಳೆಯ ಲಕ್ಷಣ ಎಂದುಕೊಂಡೆ. ಆಮೇಲೆ ದಿಬ್ಬವೇ ನಿಧಾನವಾಗಿ ಎದ್ದು ನಿಂತಂತಾಯಿತು. ನಾನು ಕೂತೆನೋ ಬಿದ್ದೆನೋ ತಿಳಿಯದು. ಕೆನ್ನೆಗೆ ಮರಳು ಸುಟ್ಟಿತು, ಏಳಬೇಕೆಂದರೆ ಕೈಕಾಲು ನನ್ನವಲ್ಲ. ಅಷ್ಟು ಹೊತ್ತು ಇಲ್ಲದ ಹೆದರಿಕೆ ಆಗ ಬಂತು. ಇಲ್ಲೇ ಸತ್ತರೆ ಅವ್ವ ಈ ಮರಳನ್ನು ಜೀವನಪೂರ್ತಿ ಶಪಿಸುತ್ತಾಳೆ ಎಂದು ಯೋಚಿಸಿದೆ. ಹೊಸೂರಿನಲ್ಲಿ ಜನ ಏನು ಹೇಳುತ್ತಾರೆ ಎಂದೂ ಯೋಚಿಸಿದೆ. ಪ್ರಾಣ ಹೋಗುವ ಹೊತ್ತಿನಲ್ಲೂ ಅದು ಬಿಡಲಿಲ್ಲ.

ಕಣ್ಣು ಬಿಟ್ಟಾಗ ಹೆಂಡತಿ ಮುಖಕ್ಕೆ ನೀರು ಎರಚುತ್ತಾ, ಎರಚಿದ ಪ್ರತಿ ಸಲವೂ ಬೈಯುತ್ತಿದ್ದಳು. ಅವಳೂ ಜೀಪಿನವನೂ ಓಡಿ ಹತ್ತಿ ಬಂದಿದ್ದರು. ಆ ವಯಸ್ಸಾದ ಮನುಷ್ಯ ತನ್ನ ರುಮಾಲು ಬಿಚ್ಚಿ, ಮಾರುಗಟ್ಟಲೆ ಉದ್ದದ ಆ ಬಟ್ಟೆಯನ್ನು ನನ್ನ ಕಂಕುಳಿಗೆ ಸುತ್ತಿದ, ಇಬ್ಬರೂ ಸೇರಿ ನನ್ನನ್ನು ದಿಬ್ಬದಿಂದ ಕೆಳಕ್ಕೆ ಎಳೆದರು. ಕಾರ್ಖಾನೆಯಲ್ಲಿ ಗೇರು ತುಂಬಿದ ಟ್ರೇಗಳನ್ನು ನಾವು ಹಾಗೇ ಎಳೆಯುತ್ತೇವೆ. ದಾರಿಯಲ್ಲಿ ಒಂದು ಶೂ ಕಳಚಿಹೋಯಿತು. ಅದನ್ನು ಹುಡುಕಲು ಯಾರೂ ಹೋಗಲಿಲ್ಲ.

ಪಟ್ಟಣ ದೂರ, ಮನೆ ಹತ್ತಿರ ಎಂದು ಜೀಪಿನವನು ನಮ್ಮನ್ನು ತನ್ನ ಮನೆಗೇ ಕರೆದೊಯ್ದ. ದಪ್ಪ ಮಣ್ಣಿನ ಗೋಡೆ, ಹುಲ್ಲಿನ ಚಾವಣಿ, ಸಗಣಿ ಸಾರಿಸಿದ ನೆಲ. ಒಳಗೆ ಕಾಲಿಟ್ಟ ಕೂಡಲೇ ಇನ್ನೊಂದು ಊರಿಗೆ ಬಂದಂತಾಯಿತು. ಅವನ ಹೆಂಡತಿ ಗಟ್ಟಿ ದನಿಯ ಎತ್ತರದ ಹೆಂಗಸು. ಒಂದು ಸಲ ನನ್ನನ್ನು, ಒಂದು ಸಲ ನನ್ನ ಒಂಟಿ ಶೂವನ್ನು ನೋಡಿ ಗಂಡನಿಗೆ ಏನೋ ಹೇಳಿದಳು. ಅವಳ ಮಾತು ನನಗೆ ಅರ್ಥವಾಗಲಿಲ್ಲವಾದರೂ ಅದರ ಭಾವಾರ್ಥ ತಿಳಿಯುವಷ್ಟು ಎಚ್ಚರ ಇತ್ತು. ಮೈಮೇಲೆ ಒದ್ದೆ ಗೋಣಿ ಹೊದಿಸಿದಳು. ಉಪ್ಪು ಜೀರಿಗೆ ಹಾಕಿದ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದಳು. ಆಮೇಲೆ ಅವ್ವನ ಕಡೆ ತಿರುಗಿ, ಮುಷ್ಟಿ ತೋರಿಸಿ, ಹುಳಿಗೆ ಮುಖ ಕಿವುಚಿ ಏನೋ ಕೇಳಿದಳು.

"ಮಾವಿನ್‌ಕಾಯಾ? ಐತೆ ತಾಯಿ, ಇನ್ನೂ ಮೂರೈತೆ" ಎಂದಳು ಅವ್ವ. ಇಬ್ಬರೂ ಬೇರೆ ಭಾಷೆಯವರು, ಇಬ್ಬರಿಗೂ ಅದರ ಪರಿವೆ ಇಲ್ಲ. ಕೆಂಡದ ಬೂದಿಯಲ್ಲಿ ಕಾಯಿ ಸುಟ್ಟು, ತಿರುಳು ಹಿಸುಕಿ, ಬೆಲ್ಲ ಹಾಕಿ ಕದಡಿ ನನಗೆ ಕುಡಿಸಿದರು. ಉಳಿದ ತಿರುಳನ್ನು ಅಂಗಾಲಿಗೆ ಮೆತ್ತಿದರು. ಆ ಹೆಂಗಸು ತನ್ನ ಭಾಷೆಯಲ್ಲಿ, ಅವ್ವ ಕನ್ನಡ, ತಮಿಳು, ತೆಲುಗು ಮೂರನ್ನೂ ಕಲಸಿ, ಸಂಜೆಯವರೆಗೆ ಮಾತಾಡಿದರು. ಆಗಾಗ ಇಬ್ಬರೂ ನನ್ನ ಕಡೆ ನೋಡಿ ನಕ್ಕದ್ದರಿಂದ ವಿಷಯ ಏನೆಂದು ಊಹಿಸಬಲ್ಲೆ.

ಬಿಸಿಲು ಇಳಿದ ಮೇಲೆ ಪಟ್ಟಣದ ಡಾಕ್ಟರ ಹತ್ತಿರ ಕರೆದೊಯ್ದರು. ಅವರು ಗ್ಲೂಕೋಸ್ ಬಾಟಲಿ ಹಾಕಿ, ಇನ್ನು ಸ್ವಲ್ಪ ಹೊತ್ತು ಅಲ್ಲೇ ಬಿದ್ದಿದ್ದರೆ ಕಷ್ಟವಿತ್ತು ಎಂದರು. ಏನು ಕೆಲಸ ಎಂದು ಕೇಳಿದರು. ನಾನು ಹೀಟ್ ಟ್ರೀಟ್‌ಮೆಂಟ್ ವಿಭಾಗ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನೋಡಿ, ಮತ್ತೆ ಬರೆದರು.

ಹೋಟೆಲಿಗೆ ಬಂದು ಮಂಚದ ಮೇಲೆ ಒರಗಿದಾಗಲೇ ನನಗೆ ಕಂಡದ್ದು: ಹೆಂಡತಿ ಬಲಗಾಲನ್ನು ಊರದೆ, ಬೆರಳ ತುದಿಯಲ್ಲಿ ನಡೆಯುತ್ತಿದ್ದಳು. ಏನಾಯಿತು ಎಂದೆ. ಏನಿಲ್ಲ ಎಂದಳು. ಅವ್ವ ಹೇಳಿದಳು: "ನೀನು ಬಿದ್ದಾಗ ಓಡೋಗ್ಬುಟ್ಲು. ಒಂದ್ ಚಪ್ಪಲಿ ಮರಳಲ್ಲೇ ಬಿಟ್ಲು. ಬರಿಗಾಲಲ್ಲೇ ಮೇಲಕ್ಕೂ ಹತ್ತವ್ಳೆ, ನಿನ್ನ ಎಳ್ಕೊಂಡು ಕೆಳಕ್ಕೂ ಇಳಿದವ್ಳೆ."

ಅಂಗಾಲಿನ ತುಂಬ ಬೊಬ್ಬೆ. ಮಧ್ಯಾಹ್ನದಿಂದ ಅವಳು ಅದರ ಸುದ್ದಿಯನ್ನೇ ಎತ್ತಿರಲಿಲ್ಲ; ಡಾಕ್ಟರ ಮುಂದೆಯೂ ನನ್ನ ವಿಷಯವನ್ನೇ ಹೇಳುತ್ತಿದ್ದಳು. ನನ್ನ ಮೂರ್ಖತನವನ್ನು ಅಲ್ಲಿಯವರೆಗೆ ನಾನು ಒಂದು ತಮಾಷೆಯ ಕತೆಯಾಗಿ ಮಾಡಿಕೊಳ್ಳಲು ಶುರುಮಾಡಿದ್ದೆ, ಊರಿಗೆ ಹೋಗಿ ಹೇಗೆ ಹೇಳುವುದು ಎಂದು ಮನಸ್ಸಿನಲ್ಲೇ ಪೋಣಿಸುತ್ತಿದ್ದೆ. ಆ ಕಾಲು ನೋಡಿದ ಮೇಲೆ ಪೋಣಿಸಿದ್ದೆಲ್ಲ ಉದುರಿಹೋಯಿತು. ಮಾಲೀಕ ಮುಲಾಮು ತಂದುಕೊಟ್ಟ. ನಾನು ಕೆಳಗೆ ಕೂತು ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡೆ.

"ಬಿಡ್ರೀ, ಅತ್ತೆ ನೋಡ್ತಾವ್ರೆ" ಎಂದು ಅವಳು ಕಾಲು ಎಳೆದುಕೊಳ್ಳಲು ಹೋದಳು.

ಅವ್ವ ಗೋಡೆ ಕಡೆ ತಿರುಗಿ ಮಲಗಿ, "ನಾನೇನೂ ನೋಡ್ತಾ ಇಲ್ಲ ಕಣಮ್ಮ. ಇನ್ನೊಂದ್ ದಪ ಹಚ್ಚಿಸ್ಕೋ" ಎಂದಳು.

"ಏರ್ಕಾಡಿಗೆ ಹೋಗ್ಬೇಕಿತ್ತು" ಎಂದೆ. ತಪ್ಪಾಯಿತು ಎಂದು ಹೇಳಲು ನನಗೆ ಬಂದದ್ದು ಅಷ್ಟೇ. ಅವಳು ಮುಲಾಮಿನ ಉರಿಗೆ ಹಲ್ಲು ಕಚ್ಚಿಕೊಂಡು, "ಅದನ್ನ ಜೋಧಪುರದಲ್ಲೇ ಹೇಳಿದ್ರೆ ವಾಪಸ್ ರೈಲು ಇತ್ತು" ಎಂದಳು.

ಉಳಿದ ಎರಡು ದಿನ ಹಗಲೆಲ್ಲ ಮಲಗಿದೆವು. ಕೊನೆಯ ದಿನ ಸೂರ್ಯ ಹುಟ್ಟುವ ಮುಂಚೆ ಜೀಪಿನವನು ಬಂದ. ಒಂಟೆಗಳು ಎದ್ದು ನಿಂತಿದ್ದವು, ಮೇಯಲು ಹೊರಟ ಹಸುಗಳ ಹಾಗೆ ಲವಲವಿಕೆಯಿಂದಿದ್ದವು. ಹೆಂಡತಿಗೆ ನಡೆಯಲಾಗದು, ಅವಳನ್ನು ಒಂಟೆಯ ಮೇಲೆ ಕೂರಿಸಿದರು. ಜೀಪಿನವನು ನನಗೂ ಇನ್ನೊಂದನ್ನು ಕೊಡಲು ಬಂದ. ಬೇಡವೆಂದು, ಹೋಟೆಲಿನವನ ರಬ್ಬರ್ ಚಪ್ಪಲಿ ಮೆಟ್ಟಿ ಅವಳ ಒಂಟೆಯ ಪಕ್ಕ ನಡೆದೆ. ಮರಳು ತಣ್ಣಗಿತ್ತು. ಗಾಳಿ ಎಳೆದ ಸಣ್ಣ ಸಣ್ಣ ಗೆರೆಗಳು, ಅದರ ಮೇಲೆ ಯಾವುದೋ ಹುಳು ನಡೆದ ಹೆಜ್ಜೆ ಹೊಲಿಗೆ ಹಾಕಿದಂತೆ ಸಾಗಿತ್ತು. ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ನಮಗಿಂತ ಮುಂದೆ ಹೋದಳು. ದಿಬ್ಬದ ಆಚೆ ಕಡೆಗೆ ಬಗ್ಗಿ ನೋಡಿ, ಹೊಳೆ ಎಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಅಬ್ಬಾ, ಎಷ್ಟು ಮನೆ ಕಟ್ಬಹುದಿತ್ಲಾ ಇದ್ರಾಗೆ!" ಎಂದಳು. ಒಂಟೆಯ ಮೇಲಿನಿಂದ ಹೆಂಡತಿ ಎರಡು ದಿನದ ನಂತರ ಮೊದಲ ಸಲ ಗಟ್ಟಿಯಾಗಿ ನಕ್ಕಳು. ನನ್ನ ಮೊಬೈಲು ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ.

ಹೊರಡುವಾಗ ಜೀಪಿನವನ ಹೆಂಡತಿ ಅವ್ವನ ಚೀಲಕ್ಕೆ ಒಣಗಿದ ಕಡ್ಡಿಗಳಂಥ ಏನನ್ನೋ ಎರಡು ಬೊಗಸೆ ತುಂಬಿದಳು. ಬೆನ್ನ ಹಿಂದಿನ ಮರ ತೋರಿಸಿ, ಬಾಯಿಗೆ ಕೈ ಮಾಡಿ, ತಿನ್ನಿ ಎಂದಳು. ಬನ್ನಿ ಮರದ ಎಳೆಗಾಯಿ, ಕಿತ್ತು ಒಣಗಿಸಿದ್ದು. ಪೂಜೆ ಮಾಡುವ ಮರವನ್ನು ಪಲ್ಯ ಮಾಡುತ್ತಾರಲ್ಲ ಎಂದು ಅವ್ವನಿಗೆ ಮೊದಲು ಕಸಿವಿಸಿಯಾಯಿತು. ರೈಲಿನಲ್ಲಿ ಎರಡು ದಿನ ಆ ಬಗ್ಗೆ ಯೋಚಿಸಿ, ನುಗ್ಗೆಯ ಹಾಗೆ ಕಾಯಿ ಬಿಟ್ಟ ಮೇಲೆ ತಿನ್ನದೆ ಏನು ಮಾಡುವುದು ಎಂದು ತೀರ್ಮಾನಕ್ಕೆ ಬಂದಳು.

ಹೊಸೂರಿಗೆ ಬಂದು ಕೆಲಸಕ್ಕೆ ಹಾಜರಾದಾಗ ನನ್ನ ಮೂಗಿನ ಸಿಪ್ಪೆ ಸುಲಿಯುತ್ತಿತ್ತು. ಸ್ಟೋರಿನಲ್ಲಿ ಹೊಸ ಸೇಫ್ಟಿ ಶೂ ಕೇಳಲು ಕಾರಣ ಬರೆದುಕೊಡಬೇಕಾಯಿತು. 'ಮರಳಿನಲ್ಲಿ ಕಳೆದುಹೋಗಿದೆ' ಎಂದು ಬರೆದೆ. ಸ್ಟೋರಿನವನು ಮನೆ ಕಟ್ಟಿಸುತ್ತಿದ್ದೀರಾ ಸಾರ್ ಎಂದು ಕೇಳಿದ. ಹೌದೆಂದು ಹೇಳುವವನಿದ್ದೆ. ಆದರೆ ಅಷ್ಟು ಹೊತ್ತಿಗೆ ಸುಳ್ಳಿಗೂ ದಣಿವಾಗಿತ್ತು, ನಡೆದದ್ದನ್ನೆಲ್ಲ ಅಲ್ಲೇ ಕೌಂಟರಿಗೆ ಒರಗಿ ಹೇಳಿದೆ. ಹೆಂಡತಿಯ ಕಾಲಿನ ಭಾಗ ಬಂದಾಗ ಅವನು ನಗುವುದನ್ನು ನಿಲ್ಲಿಸಿದ. "ಅಕ್ಕಾಗೆ ಈಗ ಹೆಂಗೈತೆ?" ಎಂದು ಕೇಳಿದ.

ಆ ಭಾನುವಾರ ಅವ್ವ ಬನ್ನಿಕಾಯಿಯ ಸಾರು ಮಾಡಿದಳು. ಎರಡು ಗಂಟೆ ಕುದಿಸಿದರೂ ಅವು ಕಡ್ಡಿಗಳಾಗಿಯೇ ಉಳಿದವು. ಮುದ್ದೆಯ ಜೊತೆ ಒಂದನ್ನು ಬಾಯಿಗಿಟ್ಟು ನಾನು ಬಹಳ ಹೊತ್ತು ಅಗಿದೆ. ಹೆಂಡತಿ ಜೈಸಲ್ಮೇರಿನ ಜೀಪಿನವನ ಮನೆಗೆ ಫೋನು ಮಾಡಿದಳು. ಹಿಂದಿನ ದಿನವೇ ನೆನೆಹಾಕಬೇಕು, ಮಜ್ಜಿಗೆಯಲ್ಲಿ ಬೇಯಿಸಬೇಕು ಎಂದು ಆ ಕಡೆಯಿಂದ ಅವನ ಹೆಂಡತಿಯ ಗಟ್ಟಿ ದನಿ ಹೇಳಿದ್ದು ನಮಗೆಲ್ಲ ಕೇಳಿಸಿತು, ಹೆಂಡತಿ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಆಮೇಲೆ ಆ ದನಿ ಏನೋ ಕೇಳಿತು. ಹೆಂಡತಿ ನನ್ನ ಕಡೆ ನೋಡಿ, "ಚೆನ್ನಾಗವ್ರೆ, ಒಳಗೇ ಕೂತವ್ರೆ" ಎಂದು ಉತ್ತರ ಕೊಟ್ಟು, ಉಳಿದ ಕಾಯಿಗಳನ್ನು ನೆನೆಹಾಕಲು ಎದ್ದು ಹೋದಳು.